ಕ್ವೆಂತಾ ಅಂದ್ರೆ ಬಿಲ್ಲಾ, ಕಥೆ ಹೇಳೋದಾ? (ಓದುಗರ ಪ್ರಶ್ನೆಗಳಿಗೆ ಉತ್ತರ)

ಪ್ರಶ್ನೆ: ನಮಸ್ಕಾರ್ರೀ ಮೇಡಂ. ನಂದು ಹುಬ್ಬಳ್ಳಿ, ಈಗ ಬೆಂಗಳೂರಾಗ ಕೆಲಸಾ ಮಾಡ್ತೀನಿ. ನಮ್ಮ ಕಂಪನಿ ಕ್ಲೈಂಟ್ಸ್ ಎಲ್ಲಾ ಮೆಕ್ಸಿಕೋದವ್ರು, ಅದಕ್ಕ ಫೋನಿನ್ಯಾಗ ಒಂದು ಆ್ಯಪ್ ಹಾಕ್ಕೊಂಡು ಸ್ಪ್ಯಾನಿಶ್ ಕಲಿಯಾಕ ಹತ್ತೀನಿ. ಮೊದಲ 'ಲಾ ಕ್ವೆಂತಾ' ಅಂದ್ರ ಹೋಟೆಲ್ ಬಿಲ್ ಅಂತ ಕಲಿಸಿದ್ರು. ಆಮ್ಯಾಲೆ ಬ್ಯಾಂಕ್ ಅಕೌಂಟಿಗೂ ಕ್ವೆಂತಾ ಅಂದ್ರು, ಆತು ಬಿಡು ಅಂತ ಅದನ್ನೂ ಬರ್ಕೊಂಡೆ. ಈಗ ನೋಡಿದ್ರ 'ಮಿ ಅಬ್ವೇಲಾ ಕ್ವೆಂತಾ ಕ್ವೆಂತೊಸ್' ಅಂತ ಬಂದೈತಿ, ನಮ್ಮಜ್ಜಿ ಕಥಿ ಹೇಳ್ತಾಳ ಅಂತ ಅದರ ಅರ್ಥ ಅಂತ. ಬಿಲ್ಲು ಹೋಗಿ ಕಥಿ ಹೆಂಗ ಆತ್ರೀ? ಇದು ನಾಮಪದ ಏನು, ಕ್ರಿಯಾಪದ ಏನು? ಗುರ್ತು ಹಿಡಿಯೋದು ಹೆಂಗ?

ಉತ್ತರ: ಎರಡೂ ಹೌದು ರೀ. ನಾಮಪದನೂ ಹೌದು, ಕ್ರಿಯಾಪದನೂ ಹೌದು, ನಿಮ್ಮ ಆ್ಯಪ್ ಹೇಳಿದ್ದೆಲ್ಲ ಸರಿಯಾಗೇ ಇದೆ, ಆದ್ರೆ ಆ್ಯಪ್‌ಗಳು ಪದಗಳನ್ನ ಬಿಡಿಬಿಡಿಯಾಗಿ ಕೊಡ್ತಾ ಹೋಗ್ತವೆ, ಯಾಕೆ ಹೀಗೆ ಅಂತ ಹೇಳಲ್ಲ, ಅದಕ್ಕೇ ನಿಮಗೆ ತಲೆಕೆಟ್ಟಿದೆ. ಮೊದ್ಲು ಬಿಲ್ಲಿಂದ ಕಥೆಗೆ ದಾರಿ ಹೇಗಾಯ್ತು ಅಂತ ನೋಡೋಣ, ಅದು ಗೊತ್ತಾದ್ರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತೆ.

ಇದರ ಧಾತು 'ಕೊಂತಾರ್'. ಅದಕ್ಕೆ ಎಣಿಸೋದು ಅಂತಾನೂ ಅರ್ಥ ಇದೆ, ನಡೆದಿದ್ದನ್ನ ಒಂದಾದ ಮೇಲೊಂದು ಹೇಳ್ತಾ ಹೋಗೋದು ಅಂತಾನೂ ಅರ್ಥ ಇದೆ. ಲ್ಯಾಟಿನ್ನಿನ 'ಕೊಂಪುತಾರೆ'ಯಿಂದ ಬಂದಿದ್ದು, ಅಂದ್ರೆ ಲೆಕ್ಕ ಹಾಕೋದು, ನಾವು ದಿನಾ ಬಳಸೋ ಕಂಪ್ಯೂಟರ್ ಅನ್ನೋ ಪದಕ್ಕೂ ಅದೇ ಬೇರು. ಈಗ ನೋಡಿ, ಹೋಟೆಲಲ್ಲಿ ತಿಂದಿದ್ದನ್ನ ಲೆಕ್ಕ ಹಾಕಿ ಕೊಡೋ ಚೀಟಿ ಕ್ವೆಂತಾ, ಬ್ಯಾಂಕಲ್ಲಿ ನಿಮ್ಮ ದುಡ್ಡಿನ ಲೆಕ್ಕ ಇಡೋ ಖಾತೆ ಕ್ವೆಂತಾ, ಅಷ್ಟೇ ಅಲ್ಲ ಜಪಮಾಲೆಯಲ್ಲಿ ಬೆರಳಿಂದ ಒಂದೊಂದೇ ಸರಿಸಿ ಎಣಿಸ್ತಾರಲ್ಲ ಆ ಮಣಿಗೂ ಕ್ವೆಂತಾ ಅಂತಾನೇ ಹೆಸರು. ಘಟನೆಗಳನ್ನ ಎಣಿಸಿದ ಹಾಗೆ ಒಂದೊಂದಾಗಿ ಹೇಳಿದ್ರೆ ಕಥೆ, ಅದು 'ಕ್ವೆಂತೊ'. ಈ ವಾಕ್ಯ ನೋಡಿ: 'ಮಿ ಅಬ್ವೇಲಾ ಕ್ವೆಂತಾ ಲಾಸ್ ಕ್ವೆಂತಾಸ್ ದೆಲ್ ರೊಸಾರಿಯೊ.' ನಮ್ಮಜ್ಜಿ ಜಪಮಾಲೆಯ ಮಣಿ ಎಣಿಸ್ತಾಳೆ ಅಂತ. ಮೊದಲನೇ ಕ್ವೆಂತಾ ಅಜ್ಜಿ ಮಾಡೋ ಕೆಲಸ, ಎರಡನೇದು ಅಜ್ಜಿ ಕೈಯಲ್ಲಿರೋ ವಸ್ತು. ನಿಮ್ಮ ಆ್ಯಪ್ ವಾಕ್ಯದ ಜೊತೆ ಇದನ್ನೂ ಬರ್ಕೊಳ್ಳಿ, ಅಜ್ಜಿ ಒಬ್ಬಳೇ, ಒಂದು ವಾಕ್ಯದಲ್ಲಿ ಕಥೆ ಹೇಳ್ತಾಳೆ ಇನ್ನೊಂದ್ರಲ್ಲಿ ಮಣಿ ಎಣಿಸ್ತಾಳೆ, ಕ್ರಿಯಾಪದ ಮಾತ್ರ ಅದೇ.

ಇನ್ನು ರೂಪ ಯಾಕೆ ಒಂದೇ ಥರ ಆಯ್ತು ಅನ್ನೋದು. ಕನ್ನಡದಲ್ಲಿ ನಾವು 'ಹೇಳ್ತೀನಿ', 'ಹೇಳ್ತಾಳೆ' ಅಂದಾಗ ಆ ಕೊನೇ ತುಂಡು ನೋಡಿದ್ರೇ ಇದು ಕ್ರಿಯಾಪದ ಅಂತ ಗೊತ್ತಾಗತ್ತೆ, '-ತೀನಿ' ಅಂತ ಮುಗಿಯೋ ನಾಮಪದ ನಮ್ಮಲ್ಲಿ ಯಾವುದಿದೆ ಹೇಳಿ? ಸ್ಪ್ಯಾನಿಶ್‌ನಲ್ಲಿ ಹಾಗಿಲ್ಲ. 'ನಾನು ಮಾಡ್ತೀನಿ' ಅನ್ನೋದಕ್ಕೆ ಕೊನೆಗೆ 'ಒ' ಬರತ್ತೆ, '-ಆರ್' ಅಂತ ಮುಗಿಯೋ ಧಾತುಗಳಲ್ಲಿ 'ಅವನು/ಅವಳು ಮಾಡ್ತಾರೆ' ಅನ್ನೋದಕ್ಕೆ 'ಆ' ಬರತ್ತೆ. ಅದೇ 'ಒ' ಪುಲ್ಲಿಂಗ ನಾಮಪದಗಳ ಕೊನೆಗೂ ಬರತ್ತೆ, ಅದೇ 'ಆ' ಸ್ತ್ರೀಲಿಂಗ ನಾಮಪದಗಳ ಕೊನೆಗೂ ಬರತ್ತೆ. ಹಾಗಾಗಿ 'ತ್ರಬಾಹೊ' ಅಂದ್ರೆ ಕೆಲಸ, 'ತ್ರಬಾಹೊ' ಅಂದ್ರೆ ನಾನು ಕೆಲಸ ಮಾಡ್ತೀನಿ. 'ಕೊಸೀನಾ' ಅಂದ್ರೆ ಅಡುಗೆಮನೆ, 'ಕೊಸೀನಾ' ಅಂದ್ರೆ ಅವಳು ಅಡುಗೆ ಮಾಡ್ತಾಳೆ. 'ಬೇಸೊ' ಮುತ್ತು, 'ಬೇಸೊ' ಮುತ್ತಿಡ್ತೀನಿ. 'ಸೇನಾ' ರಾತ್ರಿ ಊಟ, 'ಸೇನಾ' ರಾತ್ರಿ ಊಟ ಮಾಡ್ತಾಳೆ. ಹುಡುಕ್ತಾ ಹೋದ್ರೆ ಇಂಥವು ರಾಶಿ ರಾಶಿ ಸಿಗ್ತವೆ. ಇದು ಒಂದೆರಡು ಪದಗಳ ಕಿತಾಪತಿ ಅಲ್ಲ, ಆ ಭಾಷೆ ಕಟ್ಟಿರೋ ರೀತಿಯೇ ಹಾಗೆ, ಆದ್ದರಿಂದ ಒಂದು ಪದ ಸರಿಯಾಗಿ ಅರ್ಥ ಮಾಡ್ಕೊಂಡ್ರೆ ನೂರಾರು ಪದದ ಬಾಗಿಲು ತೆಗೆದ ಹಾಗೆ.

ನಮ್ಮಲ್ಲೂ ಇದು ಇಲ್ಲ ಅಂತೇನಿಲ್ಲ. 'ಹಾಡು' ನಾಮಪದನೂ ಹೌದು ಕ್ರಿಯಾಪದನೂ ಹೌದು. 'ಬೆಳೆ' ಗದ್ದೆಯಲ್ಲಿರೋದೂ ಹೌದು, ಚೆನ್ನಾಗಿ ಬೆಳೆ ಅಂತ ಮಗುಗೆ ಹೇಳೋದೂ ಹೌದು. ನಡೆ, ನುಡಿ, ಕರೆ, ಹಿಡಿ ಎಲ್ಲ ಹೀಗೇನೇ. ಆದ್ರೆ ನಾವು ಹಾಡಿಗೆ, ಹಾಡನ್ನು ಅಂತ ವಿಭಕ್ತಿ ಹಚ್ಚಿದ ತಕ್ಷಣ ನಾಮಪದ ಅಂತ, ಹಾಡಿದ, ಹಾಡ್ತಾಳೆ ಅಂದ ತಕ್ಷಣ ಕ್ರಿಯಾಪದ ಅಂತ ಬೇರೆ ಮಾಡಿಬಿಡ್ತೀವಿ. ಬರೀ 'ಹಾಡು' ಅಂತ ಬೆತ್ತಲೆಯಾಗಿ ಕ್ರಿಯಾಪದ ಆಗೋದು ಯಾರಿಗಾದ್ರೂ ಆಜ್ಞೆ ಮಾಡುವಾಗ ಮಾತ್ರ. ಸ್ಪ್ಯಾನಿಶ್‌ನಲ್ಲೂ ಗೆಳೆಯರಿಗೆ 'ಹೇಳು' ಅನ್ನೋದಕ್ಕೆ 'ಕ್ವೆಂತಾ' ಅಂತಾನೇ ಅಂತಾರೆ, ಗೆಳೆಯರಿಗೆ ಹೇಳೋ ಈ ಆಜ್ಞೆಗೆ ಬೇರೆ ರೂಪ ಇಲ್ಲ.

ವಿಭಕ್ತಿ ಇಲ್ಲದ ಕಡೆ ಗುರುತು ಎಲ್ಲಿ ಸಿಗತ್ತೆ ಅಂದ್ರೆ ಪದದ ಎಡಗಡೆ. ಓದುವಾಗ ಒಂದು ಪದ ಹಿಂದಕ್ಕೆ ಕಣ್ಣು ಹಾಯಿಸಿ. 'ಉನಾ', 'ಮಿ', 'ತು', 'ಎಸ್ತಾ' ಇದ್ರೆ (ಒಂದು, ನನ್ನ, ನಿನ್ನ, ಈ) ಅದು ನಾಮಪದ. 'ದೆ', 'ಎನ್', 'ಕೊನ್', 'ಸಿನ್', 'ಪೊರ್' ಇದ್ರೂ ನಾಮಪದನೇ, ಯಾಕಂದ್ರೆ ಇವುಗಳ ಬೆನ್ನಿಗೆ ಧಾತು ರೂಪ ಬರಬಹುದೇ ಹೊರತು ನಾನು ಮಾಡ್ತೀನಿ ಅವಳು ಮಾಡ್ತಾಳೆ ಅನ್ನೋ ಥರದ ಕ್ರಿಯಾಪದ ಬರಲ್ಲ, 'ಸಿನ್ ತ್ರಬಾಹೊ' ಅಂದ್ರೆ ಕೆಲಸ ಇಲ್ಲದೆ. ಅದೇ 'ಮೆ', 'ತೆ', 'ಸೆ', 'ಯೊ', 'ನೊ' ಇದ್ರೆ ಹೆಚ್ಚುಕಮ್ಮಿ ಖಂಡಿತ ಕ್ರಿಯಾಪದ. 'ತೆ ಕ್ವೆಂತೊ' ಅಂದ್ರೆ ನಿಂಗೆ ಹೇಳ್ತೀನಿ ಕೇಳು ಅಂತ, ನಿಮ್ಮ ಮೆಕ್ಸಿಕೋ ಕ್ಲೈಂಟ್ ಜೊತೆ ಮಾತಾಡುವಾಗ ಇದು ಕಿವಿಗೆ ಬಿದ್ದೇ ಬೀಳತ್ತೆ. 'ನೊ ಕ್ವೆಂತಾ' ಅಂದ್ರೆ ಅದು ಲೆಕ್ಕಕ್ಕಿಲ್ಲ.

ಲೆಕ್ಕ ಅಂದ ತಕ್ಷಣ ಇನ್ನೊಂದು ಹೇಳಲೇಬೇಕು, ನನಗೆ ಬಹಳ ಇಷ್ಟವಾದ ಸಂಗತಿ ಇದು. 'ತೆನೇರ್ ಎನ್ ಕ್ವೆಂತಾ' ಅಂತ ಒಂದು ನುಡಿಗಟ್ಟಿದೆ, ಅದನ್ನ ಕನ್ನಡದಲ್ಲಿ ಏನಂತೀವಿ ಗೊತ್ತಾ, ಲೆಕ್ಕಕ್ಕೆ ತಗೊಳ್ಳೋದು! 'ಪೊರ್ ಮಿ ಕ್ವೆಂತಾ' ಅಂದ್ರೆ ನನ್ನ ಲೆಕ್ಕದಲ್ಲಿ, ಇವತ್ತಿನ ಕಾಫಿ ನನ್ನ ಲೆಕ್ಕ ಅಂತೀವಲ್ಲ ಹಾಗೇ. ಅದಕ್ಕೇ ಹೇಳೋದು, ಕ್ವೆಂತಾ ಅನ್ನೋದಕ್ಕೆ 'ಬಿಲ್' ಅಂತ ಬರ್ಕೊಳ್ಳೋ ಬದಲು 'ಲೆಕ್ಕ' ಅಂತ ಬರ್ಕೊಳ್ಳಿ, ಅರ್ಧಕ್ಕರ್ಧ ಬಳಕೆ ತಾನಾಗೇ ಕೂತ್ಕೊಳ್ಳತ್ತೆ. ಹೊಂದದೇ ಇರೋದು ಕೆಲವು ಇವೆ. 'ದಾರ್ಸೆ ಕ್ವೆಂತಾ' ಅಂದ್ರೆ ಅರಿವಿಗೆ ಬರೋದು, 'ಕ್ವೆಂತಾ ಕೊನ್ಮೀಗೊ' ಅಂದ್ರೆ ನಾನಿದ್ದೀನಿ, ನನ್ನನ್ನ ನೆಚ್ಕೋ ಅಂತ. ಇವನ್ನ ಇಡಿಯಾಗೇ ಬಾಯಿಪಾಠ ಮಾಡಬೇಕು.

ಮತ್ತೆ ಮಕ್ಕಳಿಗೆ ಕಥೆ ಹೇಳೋದನ್ನೇ ವೃತ್ತಿ ಮಾಡ್ಕೊಂಡವರಿಗೆ ಸ್ಪ್ಯಾನಿಶ್‌ನಲ್ಲಿ 'ಕ್ವೆಂತಾಕ್ವೆಂತೊಸ್' ಅಂತ ಹೆಸರಿದೆ. ಮೊದಲನೇದು ಕ್ರಿಯಾಪದ, ಎರಡನೇದು ನಾಮಪದ, ಎರಡೂ ಸೇರಿ ಒಂದು ಹೊಸ ನಾಮಪದ. ಛತ್ರಿಗೆ 'ಪರಾಗ್ವಾಸ್', ನೀರು ತಡೆಯೋದು. ಹುಟ್ಟುಹಬ್ಬಕ್ಕೆ 'ಕುಂಪ್ಲೆಆನ್ಯೊಸ್', ವರ್ಷ ಪೂರೈಸೋದು. ಗಗನಚುಂಬಿ ಕಟ್ಟಡಕ್ಕೆ 'ರಾಸ್ಕಸ್ಯೇಲೊಸ್', ಆಕಾಶ ಕೆರೆಯೋದು. ಇಂಥ ಪದ ಸಿಕ್ಕಾಗ ಬಿಡಿಸಿ ನೋಡಿ, ನಾಮಪದ ಯಾವುದು ಕ್ರಿಯಾಪದ ಯಾವುದು ಅನ್ನೋ ಅಭ್ಯಾಸ ತಾನಾಗೇ ಆಗ್ತಾ ಹೋಗತ್ತೆ.

ಪ್ರಶ್ನೆ: ಶಿವಮೊಗ್ಗದಿಂದ ಬರೀತಿದೀನಿ ಮೇಡಂ, ಆನ್‌ಲೈನ್ ಕ್ಲಾಸಲ್ಲಿ ಸ್ಪ್ಯಾನಿಶ್ ಕಲೀತಿದೀನಿ. ಹಿಂದೆ 'ಲಾ' ಇದ್ರೆ ನಾಮಪದ ಅಂತ ಹೇಳ್ಕೊಟ್ಟಿದ್ರು. ಆದ್ರೆ 'ಎಸ್ತಾ ಇಸ್ತೋರಿಯಾ ಲಾ ಕ್ವೆಂತಾ ಮಿ ಅಬ್ವೇಲಾ' ಅಂತ ಒಂದು ವಾಕ್ಯ ಸಿಕ್ತು. ಇಲ್ಲಿ ಲಾ ಕ್ವೆಂತಾ ಅಂದ್ರೆ ಬಿಲ್ ಅಂತ ಇಟ್ಕೊಂಡ್ರೆ ಅರ್ಥನೇ ಆಗ್ತಿಲ್ಲ.

ಉತ್ತರ: ಒಳ್ಳೇ ವಾಕ್ಯ ಹಿಡ್ಕೊಂಡು ಬಂದಿದೀರ. ಮೇಲಿನ ಉತ್ತರದಲ್ಲಿ ಎಡಗಡೆ ನೋಡಿ ಅಂತ ಹೇಳುವಾಗ ನಾನು 'ಲಾ'ನ ಬೇಕಂತಾನೇ ಸೇರಿಸಿಲ್ಲ, ಯಾಕಂದ್ರೆ ಈ ಲಾ ಎರಡು ಥರ. ಒಂದು ಸ್ತ್ರೀಲಿಂಗ ನಾಮಪದಕ್ಕಿಂತ ಮೊದಲು ಬರೋ ಲಾ. ಇನ್ನೊಂದು 'ಅದನ್ನ', 'ಅವಳನ್ನ' ಅನ್ನೋ ಅರ್ಥದ ಲಾ, ಅದು ಕ್ರಿಯಾಪದಕ್ಕಿಂತ ಮೊದಲು ಬರತ್ತೆ. ನಿಮ್ಮ ವಾಕ್ಯದಲ್ಲಿರೋದು ಎರಡನೇದು. ಪದಕ್ಕೆ ಪದ ಇಟ್ರೆ 'ಈ ಕಥೆ, ಅದನ್ನ ಹೇಳ್ತಾಳೆ ನಮ್ಮಜ್ಜಿ'. ಕನ್ನಡದಲ್ಲಿ ನಾವು ಒತ್ತು ಕೊಟ್ಟು 'ಈ ಕಥೆನ ಹೇಳೋದು ನಮ್ಮಜ್ಜಿ' ಅಂತೀವಲ್ಲ, ಅದೇ ಭಾವ.

ಪುಲ್ಲಿಂಗದಲ್ಲಿ ಈ ತಾಪತ್ರಯನೇ ಇಲ್ಲ ನೋಡಿ. ಅಲ್ಲಿ ನಾಮಪದಕ್ಕೆ 'ಎಲ್', 'ಅದನ್ನ' ಅನ್ನೋದಕ್ಕೆ 'ಲೊ'. 'ಎಲ್ ಕ್ವೆಂತೊ' ಅಂದ್ರೆ ಕಥೆ, 'ಲೊ ಕ್ವೆಂತೊ' ಅಂದ್ರೆ ಅದನ್ನ ಹೇಳ್ತೀನಿ. ಸ್ತ್ರೀಲಿಂಗದಲ್ಲಿ ಎರಡಕ್ಕೂ ಲಾ ಆಗಿರೋದ್ರಿಂದ 'ಲಾ ಕೊಸೀನಾ' ಅಂದ್ರೆ ಅಡುಗೆಮನೆನೂ ಆಗಬಹುದು, 'ಅದನ್ನ ಬೇಯಿಸ್ತಾನೆ' ಅಂತಾನೂ ಆಗಬಹುದು.

ಇಂಥ ಕಡೆ ಮಾಡಬೇಕಾದ್ದು ಇಷ್ಟೇ, ಪೂರ್ತಿ ವಾಕ್ಯದಲ್ಲಿ ಬೇರೆ ಕ್ರಿಯಾಪದ ಇದೆಯಾ ಅಂತ ಹುಡುಕಿ. 'ಲಾ ಕೊಸೀನಾ ಎಸ್ತಾ ಲಿಂಪಿಯಾ', ಇದರಲ್ಲಿ 'ಎಸ್ತಾ' ಅಂದ್ರೆ 'ಇದೆ', ಕ್ರಿಯಾಪದ ಸಿಕ್ತು, ಹಾಗಾಗಿ ಕೊಸೀನಾ ನಾಮಪದ, ಅಡುಗೆಮನೆ ಸ್ವಚ್ಛವಾಗಿದೆ ಅಂತ. (ಈ ಎಸ್ತಾ ಬೇರೆ, ನಿಮ್ಮ ವಾಕ್ಯದ ಮೊದಲಿಗಿರೋ 'ಈ' ಅನ್ನೋ ಎಸ್ತಾ ಬೇರೆ, ಇದಕ್ಕೆ ಕೊನೇ ಅಕ್ಷರದ ಮೇಲೆ ಗೀಟಿರತ್ತೆ.) 'ಕ್ವಾಂದೊ ಕೊಂಪ್ರೊ ಕಾರ್ನೆ, ಲಾ ಕೊಸೀನಾ ಮಿ ಎರ್ಮಾನೊ', ಇದರಲ್ಲಿ ಕಾಮಾ ಆದ್ಮೇಲೆ ಬೇರೆ ಯಾವ ಕ್ರಿಯಾಪದನೂ ಇಲ್ಲ, ಹಾಗಾಗಿ ಕೊಸೀನಾನೇ ಕ್ರಿಯಾಪದ ಆಗಬೇಕು, ನಾನು ಮಾಂಸ ತಂದಾಗ ಅದನ್ನ ಬೇಯಿಸೋದು ನಮ್ಮಣ್ಣ ಅಂತ. ನಿಮ್ಮ ಅಜ್ಜಿಯ ವಾಕ್ಯಕ್ಕೂ ಇದೇ ಪರೀಕ್ಷೆ ಹಚ್ಚಿ ನೋಡಿ.

ಪ್ರಶ್ನೆ: ಮೇಡಂ, ನಾನು ಕುಂದಾಪುರದವ. ಸ್ಪ್ಯಾನಿಶಿನಲ್ಲಿ ಒಂದೇ ಶಬ್ದಕ್ಕೆ ಎರಡು ಅರ್ಥ ಇದ್ರೆ ಎರಡಕ್ಕೂ ಏನಾದ್ರೂ ಸಂಬಂಧ ಉಂಟು ಅಂತ ಎಣಿಸಿದ್ದೆ. ಆದ್ರೆ 'ವಿನೊ' ಅಂದ್ರೆ ವೈನ್, 'ವಿನೊ' ಅಂದ್ರೆ 'ಅವನು ಬಂದ' ಅಂತಲೂ ಆಗ್ತದಂತೆ. ಇದಕ್ಕೆ ಎಂತ ಸಂಬಂಧ?

ಉತ್ತರ: ಏನೂ ಸಂಬಂಧ ಇಲ್ಲ. ಆದ್ರೆ ಉತ್ತರಕ್ಕೆ ಮುಂಚೆ ನಿಮ್ಮ ಪ್ರಶ್ನೆಯಲ್ಲಿರೋ 'ಎಣಿಸಿದ್ದೆ' ಬಗ್ಗೆ ಒಂದ್ಮಾತು. ಬಯಲುಸೀಮೆ ಕಡೆ ಎಣಿಸೋದು ಅಂದ್ರೆ ಒಂದು ಎರಡು ಮೂರು ಅಂತ ಲೆಕ್ಕ ಮಾಡೋದು, ನಿಮ್ಮ ಕರಾವಳಿ ಕಡೆ ಅಂದ್ಕೊಳ್ಳೋದು ಅಂತಲೂ ಹೌದು. ಲೆಕ್ಕ ಮಾಡೋ ಪದ ಮನಸ್ಸಿನ ಕೆಲಸಕ್ಕೆ ದಾಟಿದೆ. ಸ್ಪ್ಯಾನಿಶ್‌ನ ಕೊಂತಾರ್ ಲೆಕ್ಕದಿಂದ ಮಾತಿಗೆ ದಾಟಿದ್ದೂ ಇದೇ ಥರ, ಹಾಗಾಗಿ ಅದು ನಿಮಗೆ ಬೇರೆಯವರಿಗಿಂತ ಬೇಗ ಹತ್ತತ್ತೆ.

ಈಗ ವಿನೊಗೆ ಬರೋಣ (ಅಲ್ಲಿಯವರ ಬಾಯಲ್ಲಿ ಅದು 'ಬೀನೊ' ಅಂತಾನೇ ಕೇಳತ್ತೆ, ಸ್ಪ್ಯಾನಿಶ್‌ನಲ್ಲಿ ವ, ಬ ಎರಡಕ್ಕೂ ಒಂದೇ ಉಚ್ಚಾರ). ವೈನ್ ಬಂದಿದ್ದು ಲ್ಯಾಟಿನ್ನಿನ 'ವೀನುಂ'ನಿಂದ, 'ಬಂದ' ಅನ್ನೋದು 'ವೆನೀರೆ' ಅನ್ನೋ ಧಾತುವಿಂದ. ಎಲ್ಲೋ ಹುಟ್ಟಿದ ಎರಡು ಪದ ಶತಮಾನಗಳಲ್ಲಿ ಸವೆದು ಸವೆದು ಕೊನೆಗೆ ಒಂದೇ ಮುಖ ಆಗಿವೆ. ನಮ್ಮಲ್ಲಿ ಮರಗಳಿರೋ ಕಾಡಿಗೂ ಮನಸ್ಸನ್ನ ಕಾಡೋದಕ್ಕೂ ಸಂಬಂಧ ಇಲ್ಲ, ಮೇಯೋ ಆಡಿಗೂ ಮಕ್ಕಳು ಆಡೋದಕ್ಕೂ ಸಂಬಂಧ ಇಲ್ಲ, ಇದೂ ಹಾಗೇ. 'ಎಲ್ ವಿನೊ' ಅಂದ್ರೆ ವೈನ್, 'ಎಲ್ ವಿನೊ' ಅಂದ್ರೆ ಅವನು ಬಂದ, ಬರೆಯುವಾಗ ಮಾತ್ರ ಎರಡನೇ 'ಎಲ್' ಮೇಲೆ ಒಂದು ಸಣ್ಣ ಓರೆ ಗೀಟು ಬರತ್ತೆ.

ಈ ಜಾತಿಯಲ್ಲಿ ಅತೀ ಸೊಗಸಾದ್ದು ಅಂದ್ರೆ 'ಯಾಮಾ'. ಬರೆಯುವಾಗ ಮೊದಲಿಗೆ ಎರಡು 'ಎಲ್' ಅಕ್ಷರ ಬರತ್ತೆ, ಓದುವಾಗ ಬಹಳಷ್ಟು ಕಡೆ 'ಯ' ಥರ. ಇದಕ್ಕೆ ಮೂರು ಅರ್ಥ, ಮೂರಕ್ಕೂ ಬೇರೆ ಬೇರೆ ಬೇರು. ಬೆಂಕಿಯ ಜ್ವಾಲೆ ಅನ್ನೋದು ಲ್ಯಾಟಿನ್ನಿನ 'ಫ್ಲಾಮ್ಮಾ'. ಕರೀತಾನೆ ಅನ್ನೋದು ಲ್ಯಾಟಿನ್ನಿನ 'ಕ್ಲಾಮಾರೆ'. ಇನ್ನು ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳಲ್ಲಿ ಹೊರೆ ಹೊರೋ ಉಣ್ಣೆ ಪ್ರಾಣಿ ಇದೆಯಲ್ಲ ಲಾಮಾ ಅಂತ, ಆ ಹೆಸರು ಯುರೋಪಿಂದು ಅಲ್ಲವೇ ಅಲ್ಲ, ಅಲ್ಲಿನ ಕ್ವೆಚುವಾ ಭಾಷೆಯಿಂದ ಸ್ಪ್ಯಾನಿಶ್‌ಗೆ ಬಂದಿದ್ದು. ಲ್ಯಾಟಿನ್ ಪದ ಶುರುವಾಗೋ ಕಡೆ ಇರೋ ಫ್ಲ, ಕ್ಲ, ಪ್ಲ ಮೂರೂ ಹಳೇ ಸ್ಪ್ಯಾನಿಶ್‌ನಲ್ಲಿ ಎಷ್ಟೋ ಪದಗಳಲ್ಲಿ ಆ ಜೋಡಿ ಎಲ್ ಆಗಿಬಿಟ್ಟವು. ಬೀಗದಕೈ ಅನ್ನೋ 'ಕ್ಲಾವೆಂ' ಹೋಗಿ 'ಯಾವೆ' ಆಯ್ತು, ಅಳೋದು ಅನ್ನೋ 'ಪ್ಲೊರಾರೆ' ಹೋಗಿ 'ಯೊರಾರ್' ಆಯ್ತು. ಕನ್ನಡದಲ್ಲಿ ಹಳೇ 'ಪಾಲು' ಹೋಗಿ 'ಹಾಲು' ಆಗಿಲ್ವಾ, 'ಪಲ್ಲು' ಹೋಗಿ 'ಹಲ್ಲು' ಆಗಿಲ್ವಾ, ಭಾಷೆ ಬದಲಾಗುವಾಗ ಹೀಗೆ ಗುಂಪುಗುಂಪಾಗೇ ಬದಲಾಗೋದು.

'ನಾದಾ' ಕೂಡ ಹೀಗೇನೇ, ಅದಕ್ಕೆ 'ಏನೂ ಇಲ್ಲ' ಅಂತ ಒಂದರ್ಥ, 'ಈಜತ್ತೆ' ಅಂತ ಇನ್ನೊಂದರ್ಥ. ಸ್ಪ್ಯಾನಿಶ್ ಮಕ್ಕಳು ಒಬ್ಬರಿಗೊಬ್ಬರು 'ಮೀನು ಏನ್ ಮಾಡತ್ತೆ?' ಅಂತ ಕೇಳ್ತಾರೆ, ಉತ್ತರ 'ನಾದಾ', ಈಜತ್ತೆ ಅಂತಾದ್ರೂ ಹೇಳಿ, ಏನೂ ಮಾಡಲ್ಲ ಅಂತಾದ್ರೂ ಹೇಳಿ.

ಹಾಗಾಗಿ ಒಂದೇ ಥರದ ಎರಡು ಪದ ಸಿಕ್ಕಾಗ ಸಂಬಂಧ ಇದೆಯಾ ಇಲ್ವಾ ಅಂತ ಮೊದಲು ನೋಡ್ಕೊಳ್ಳಿ. ಕ್ವೆಂತಾ, ತ್ರಬಾಹೊ ಥರದವು ಒಂದೇ ಬಳ್ಳಿಯ ಕಾಯಿಗಳು, ಒಟ್ಟಿಗೆ ಒಂದೇ ಸಾಲಲ್ಲಿ ಬರ್ಕೊಳ್ಳಿ. ವಿನೊ, ಯಾಮಾ, ನಾದಾ ಥರದವನ್ನ ಬೇರೆ ಬೇರೆ ಪುಟದಲ್ಲಿ ಬರ್ಕೊಳ್ಳಿ, ಇಲ್ಲದ ಸಂಬಂಧ ಹುಡುಕ್ತಾ ಕೂತ್ರೆ ನೆನಪಿಗೆ ತೊಂದರೆನೇ ಹೊರತು ಉಪಯೋಗ ಇಲ್ಲ.

ಪ್ರಶ್ನೆ: ಸ್ಪ್ಯಾನಿಶ್ ಅಕ್ಷರಗಳ ಮೇಲೆ ಬರೋ ಆ ಓರೆ ಗೀಟು ಬಿಟ್ಟು ಬರೆದ್ರೆ ತಪ್ಪಾ? ವಾಟ್ಸಾಪಲ್ಲಿ ಅವರೇ ಯಾರೂ ಹಾಕಲ್ವಲ್ಲ. (ಮೈಸೂರು)

ಉತ್ತರ: ವಾಟ್ಸಾಪಲ್ಲಿ ಎಷ್ಟೋ ಜನ ಹಾಕಲ್ಲ ನಿಜ, ಅವರಿಗೆ ಭಾಷೆ ಹುಟ್ಟಿನಿಂದ ಬಂದಿರತ್ತೆ, ಸಂದರ್ಭ ನೋಡಿ ತಿಳ್ಕೊಳ್ತಾರೆ. ಕಲಿಯೋರು ಬಿಡಬಾರದು. ಬೇಳೆ ಅನ್ನೋದ್ರ ದೀರ್ಘ ತೆಗೆದ್ರೆ ಬೆಳೆ ಆಗತ್ತಲ್ಲ, ಇಲ್ಲಿ ಗೀಟಿಗೂ ಅಷ್ಟೇ ಬೆಲೆ ಇದೆ.

ಸ್ಪ್ಯಾನಿಶ್‌ನಲ್ಲಿ ನಮ್ಮ ಹಾಗೆ ಹ್ರಸ್ವ ದೀರ್ಘದ ಭೇದ ಇಲ್ಲ, ಅಲ್ಲಿರೋದು ಯಾವ ಸ್ವರದ ಮೇಲೆ ಒತ್ತು ಬೀಳತ್ತೆ ಅನ್ನೋದು. ಆ ಒತ್ತನ್ನ ಕನ್ನಡದಲ್ಲಿ ತೋರಿಸೋಕೆ ಸದ್ಯಕ್ಕೆ ದೀರ್ಘ ಬಳಸ್ತೀನಿ, ಓದಿ ನೋಡಿ: ತೇರ್ಮಿನೊ, ತೆರ್ಮೀನೊ, ತೆರ್ಮಿನೋ. ಮೊದಲನೇದು ನಾಮಪದ, ಅವಧಿ ಅಥವಾ ಕೊನೆ ಅಂತ, ಪಾರಿಭಾಷಿಕ ಪದ ಅನ್ನೋದಕ್ಕೂ ಅದೇ. ಎರಡನೇದು 'ನಾನು ಮುಗಿಸ್ತೀನಿ'. ಮೂರನೇದು 'ಅವನು ಮುಗಿಸಿದ'. ಅಕ್ಷರಗಳೆಲ್ಲ ಅವೇ, ಒತ್ತು ಮಾತ್ರ ಜಾಗ ಬದಲಿಸಿದೆ. ಹೀಗೇ ಪೂಬ್ಲಿಕೊ ಅಂದ್ರೆ ಪ್ರೇಕ್ಷಕರು, ಪುಬ್ಲೀಕೊ ಅಂದ್ರೆ ನಾನು ಪ್ರಕಟಿಸ್ತೀನಿ, ಪುಬ್ಲಿಕೋ ಅಂದ್ರೆ ಅವನು ಪ್ರಕಟಿಸಿದ. ಕಾಲ್ಕುಲೊ ಲೆಕ್ಕಾಚಾರ, ಕಲ್ಕೂಲೊ ಲೆಕ್ಕ ಹಾಕ್ತೀನಿ, ಕಲ್ಕುಲೋ ಲೆಕ್ಕ ಹಾಕಿದ. (ಈ ಕಾಲ್ಕುಲೊ ಅನ್ನೋದಕ್ಕೆ ಕಿಡ್ನಿಯಲ್ಲಾಗೋ ಕಲ್ಲು ಅಂತಾನೂ ಅರ್ಥ ಇದೆ, ಲ್ಯಾಟಿನ್ನಲ್ಲಿ ಮೂಲ ಅರ್ಥನೇ ಸಣ್ಣ ಕಲ್ಲು, ಕಲ್ಲಿಟ್ಟು ಎಣಿಸ್ತಿದ್ರು.)

ನಿಯಮ ಬಹಳ ಸುಲಭ. ಪದ ಸ್ವರದಲ್ಲಿ, ಇಲ್ಲಾ 'ನ್', 'ಸ್'ನಲ್ಲಿ ಮುಗಿದ್ರೆ ಒತ್ತು ಕೊನೆಯಿಂದ ಎರಡನೇ ಭಾಗದ ಮೇಲೆ. ಬೇರೆ ವ್ಯಂಜನದಲ್ಲಿ ಮುಗಿದ್ರೆ ಕೊನೇ ಭಾಗದ ಮೇಲೆ. ಈ ನಿಯಮ ಮೀರಿದ್ರೆ ಗೀಟು ಹಾಕೋದು, ಅದು ಬಿಟ್ರೆ ಮೇಲೆ ನೋಡಿದ 'ಅವನು' ಅನ್ನೋ 'ಎಲ್' ಥರದ ಕೆಲವು ಪದಗಳಿಗೆ. ತೆರ್ಮೀನೊ ನಿಯಮಕ್ಕೆ ಸರಿಯಾಗಿದೆ, ಗೀಟು ಬೇಡ, ಉಳಿದೆರಡಕ್ಕೂ ಬೇಕೇ ಬೇಕು. ದೊಡ್ಡಕ್ಷರದಲ್ಲಿ ಬರೆದ್ರೆ ಗೀಟು ಬೇಡ ಅಂತ ಕೆಲವರು ಹೇಳ್ತಾರೆ, ಅದು ಸರಿಯಲ್ಲ, ಅಲ್ಲೂ ಹಾಕಬೇಕು ಅಂತ ಆ ಭಾಷೆಯ ನಿಯಮ ನೋಡ್ಕೊಳ್ಳೋ ಸಂಸ್ಥೆ ಸ್ಪ್ಯಾನಿಶ್ ಅಕಾಡೆಮಿ ಸ್ಪಷ್ಟವಾಗಿ ಹೇಳಿದೆ.

ಪ್ರಶ್ನೆ: ನಾವು ಅಮೆರಿಕದ ಟೆಕ್ಸಸ್‌ನಲ್ಲಿದ್ದೀವಿ. ಮಗ ಸ್ಕೂಲಲ್ಲಿ ಸ್ಪ್ಯಾನಿಶ್ ತಗೊಂಡಿದಾನೆ. ಪದಗಳಿಗೆ ಇಂಗ್ಲಿಷ್ ಅರ್ಥ ಬರ್ಕೊಂಡು ಕಾರ್ಡ್ ಮಾಡಿ ಉರು ಹೊಡೀತಾನೆ. ಮೊನ್ನೆ 'ಗುಸ್ತೊ' ಅಂದ್ರೆ ನಾಮಪದ ಅಂತ ಗೊತ್ತಿಲ್ಲದೆ ನಂಗಿಷ್ಟ ಅನ್ನೋದಕ್ಕೆ 'ಯೊ ಗುಸ್ತೊ' ಅಂತ ಬರೆದು ಟೆಸ್ಟಲ್ಲಿ ಮಾರ್ಕ್ಸ್ ಹೋಯ್ತು. ನನಗೆ ಸ್ಪ್ಯಾನಿಶ್ ಬರಲ್ಲ, ಮನೇಲಿ ಕನ್ನಡ ಮಾತಾಡ್ತೀವಿ. ನಾನು ಏನಾದ್ರೂ ಸಹಾಯ ಮಾಡೋಕಾಗತ್ತಾ?

ಉತ್ತರ: ಖಂಡಿತ ಆಗತ್ತೆ, ಅದೂ ಕನ್ನಡದಿಂದಾನೇ ಆಗತ್ತೆ. ನಿಮ್ಮ ಮಗ ಇಂಗ್ಲಿಷ್ ಮೂಲಕ ಯೋಚನೆ ಮಾಡಿದ್ದಕ್ಕೇ ಆ ತಪ್ಪಾಗಿದ್ದು. ಇಂಗ್ಲಿಷ್‌ನಲ್ಲಿ ಇಷ್ಟಪಡೋ ಕೆಲಸ 'ನಾನು' ಮಾಡಬೇಕು. ಸ್ಪ್ಯಾನಿಶ್‌ನಲ್ಲಿ 'ಮೆ ಗುಸ್ತಾ ಎಲ್ ತೆ', ಕನ್ನಡದಲ್ಲಿ 'ನಂಗೆ ಟೀ ಇಷ್ಟ'. ನಂಗೆ ಅನ್ನೋದಕ್ಕೆ ಮೆ. ಎರಡು ಭಾಷೆನೂ ಟೀಯನ್ನ ಮುಂದಿಟ್ಟು ಮನುಷ್ಯನಿಗೆ 'ಗೆ' ಹಚ್ಚಿ ಪಕ್ಕಕ್ಕೆ ಕೂರಿಸ್ತವೆ. 'ಮೆ ದ್ವೇಲೆ ಲಾ ಕಬೇಸಾ' ಅಂದ್ರೆ ನಂಗೆ ತಲೆ ನೋಯ್ತಿದೆ, ಮತ್ತೆ ಅದೇ ನಂಗೆ. ಗುಸ್ತೊ ಅನ್ನೋದು ರುಚಿ, ಸಂತೋಷ ಅನ್ನೋ ನಾಮಪದವಾಗೇ ಜಾಸ್ತಿ ಬಳಕೆ, ಹೊಸಬರು ಪರಿಚಯ ಆದಾಗ 'ಮೂಚೊ ಗುಸ್ತೊ' ಅಂತಾರೆ, ಭೇಟಿಯಾಗಿದ್ದು ಬಹಳ ಸಂತೋಷ ಅಂತ.

ನೀವು ಮಾಡಬೇಕಾದ್ದು ಇಷ್ಟು. ಅವನು ಕಾರ್ಡಲ್ಲಿ ಬಿಡಿ ಪದ ಬರೆಯೋದು ನಿಲ್ಲಿಸಲಿ. ಒಂದು ಕಾರ್ಡಿಗೆ ಎರಡು ಪುಟ್ಟ ವಾಕ್ಯ, ಒಂದರಲ್ಲಿ ಆ ಪದ ನಾಮಪದ, ಇನ್ನೊಂದರಲ್ಲಿ ಕ್ರಿಯಾಪದ. 'ತೆಂಗೊ ಸ್ವೆನ್ಯೊ', ನಂಗೆ ನಿದ್ದೆ ಬರ್ತಿದೆ. 'ಸ್ವೆನ್ಯೊ ಕೊನ್ತೀಗೊ', ನಿನ್ನ ಕನಸು ಕಾಣ್ತೀನಿ. ರಾತ್ರಿ ಊಟ ಮಾಡುವಾಗ ನೀವು ಕಾರ್ಡ್ ಹಿಡ್ಕೊಂಡು ಅವನಿಗೆ ಆ ಪದದ ಬಗ್ಗೆ ಕನ್ನಡದಲ್ಲಿ ಒಂದೇ ಪ್ರಶ್ನೆ ಕೇಳಿ, 'ಇದನ್ನ ಮಾಡ್ತಿರೋರು ಯಾರೋ?' ಅಂತ. ಉತ್ತರ ಬಂದ್ರೆ ಕ್ರಿಯಾಪದ, ಆ ಪ್ರಶ್ನೆನೇ ಹೊಂದಲಿಲ್ಲ ಅಂದ್ರೆ ನಾಮಪದ. ಇದಕ್ಕೆ ನಿಮಗೆ ಸ್ಪ್ಯಾನಿಶ್ ಬರಬೇಕಾಗಿಲ್ಲ. ಯಾರು ಅನ್ನೋದನ್ನ ಕ್ರಿಯಾಪದದ ಬಾಲದಲ್ಲೇ ಹುಡುಕೋದು ಕನ್ನಡ ಮಾತಾಡೋ ಮಗುಗೆ ಹೊಸದೇನಲ್ಲ, ಮನೇಲಿ 'ಬಂದೆ', 'ಬಂದ', 'ಬಂದ್ಲು' ಅಂತ 'ನಾನು', 'ಅವನು' ಬಿಟ್ಟೇ ಮಾತಾಡ್ತಾ ಬೆಳೆದಿರ್ತಾನೆ, ಸ್ಪ್ಯಾನಿಶ್‌ನವರು ಮಾತಾಡೋದೂ ಹಾಗೇ.

ಇನ್ನೊಂದು, ಧಾತುವನ್ನೇ ನಾಮಪದ ಮಾಡೋದೂ ಅಲ್ಲಿ ಇದೆ. 'ಪೊದೇರ್' ಅಂದ್ರೆ ಆಗೋದು, ಸಾಧ್ಯವಾಗೋದು, 'ಎಲ್ ಪೊದೇರ್' ಅಂದ್ರೆ ಅಧಿಕಾರ, ಶಕ್ತಿ. 'ದೆಬೇರ್' ಅಂದ್ರೆ ಮಾಡಲೇಬೇಕಾಗಿರೋದು, 'ಎಲ್ ದೆಬೇರ್' ಕರ್ತವ್ಯ. ಸ್ಪೇನ್‌ನಲ್ಲಿ ಮಕ್ಕಳ ಹೋಂವರ್ಕಿಗೆ 'ದೆಬೇರೆಸ್' ಅಂತಾನೇ ಹೆಸರು, ನಿಮ್ಮ ಕಡೆ ಮೆಕ್ಸಿಕೋ ಪ್ರಭಾವ ಜಾಸ್ತಿ ಇರೋದ್ರಿಂದ ಟೀಚರ್ ಬಹುಶಃ 'ತರೇಯಾ' ಅಂತಾರೆ. ನಮ್ಮ 'ಓದೋದು', 'ಓದೋದಕ್ಕೆ', 'ಓದೋದ್ರಿಂದ' ನೆನಪಿಸಿ, ಕೂಡ್ಲೇ ಅರ್ಥ ಮಾಡ್ಕೊಳ್ತಾನೆ.

ಪ್ರಶ್ನೆ: ದಾವಣಗೆರೆಯಿಂದ, ಡಿಗ್ರಿ ವಿದ್ಯಾರ್ಥಿ. ಡಿಕ್ಷನರಿಯಲ್ಲಿ 'ಕ್ವೆಂತೊ' ಹುಡುಕಿದ್ರೆ ಕಥೆ ಅಂತ ಮಾತ್ರ ಬರತ್ತೆ, 'ನಾನು ಹೇಳ್ತೀನಿ' ಅನ್ನೋದು ಸಿಗ್ತಾನೇ ಇಲ್ಲ. ಯಾವ ಡಿಕ್ಷನರಿ ನೋಡಬೇಕು?

ಉತ್ತರ: ಡಿಕ್ಷನರಿ ಬದಲಿಸೋದು ಬೇಡ, ಹುಡುಕೋ ಪದ ಬದಲಿಸಿ. ಕ್ರಿಯಾಪದಗಳು ಧಾತು ರೂಪದಲ್ಲೇ ಇರ್ತವೆ, ಕೊನೆಗೆ '-ಆರ್', '-ಏರ್', '-ಈರ್' ಬರೋ ರೂಪ. ಹಾಗಾಗಿ 'ಕೊಂತಾರ್' ಹುಡುಕಿ. ಮ್ಯಾಡ್ರಿಡ್‌ನಲ್ಲಿ 1713ರಲ್ಲಿ ಶುರುವಾದ ಸ್ಪ್ಯಾನಿಶ್ ಅಕಾಡೆಮಿಯ ನಿಘಂಟು ಇಂಟರ್ನೆಟ್ಟಲ್ಲಿ ಉಚಿತವಾಗಿ ಸಿಗತ್ತೆ, ಅದರಲ್ಲಿ ಕ್ರಿಯಾಪದಗಳ ಜೊತೆ ಪೂರ್ತಿ ರೂಪಾವಳಿನೂ ಇರತ್ತೆ. ಅರ್ಥಕ್ಕೆ ಮುಂಚೆ ಸಣ್ಣದಾಗಿ ಬರೋ ಸಂಕ್ಷೇಪ ಗಮನಿಸಿ, 'ಎಂ' ಅಂತಿದ್ರೆ ಪುಲ್ಲಿಂಗ ನಾಮಪದ, 'ಎಫ್' ಅಂತಿದ್ರೆ ಸ್ತ್ರೀಲಿಂಗ, 'ಟಿ-ಆರ್' ಅಂತಿದ್ರೆ ಸಕರ್ಮಕ ಕ್ರಿಯಾಪದ.

ಕೊಂತಾರ್‌ನಲ್ಲಿ 'ಕೊ' ಇದೆ, ಕ್ವೆಂತೊನಲ್ಲಿ 'ಕ್ವೆ' ಯಾಕೆ ಬಂತು ಅಂತ ನಿಮಗೆ ಅನುಮಾನ ಬರಬಹುದು. ಕೊಂತಾರ್ ಥರದ ಕೆಲವು ಧಾತುಗಳಲ್ಲಿ ಒತ್ತು ಬಿದ್ದ ಕಡೆ ಧಾತುವಿನ 'ಒ' ಬಿರಿದು 'ವೆ' ಆಗತ್ತೆ, ಒತ್ತು ಮುಂದಕ್ಕೆ ಹೋದ್ರೆ ಮತ್ತೆ 'ಒ'. ನಾನು ಹೇಳ್ತೀನಿ ಕ್ವೆಂತೊ, ಅವಳು ಹೇಳ್ತಾಳೆ ಕ್ವೆಂತಾ, ನಾವು ಹೇಳ್ತೀವಿ ಕೊಂತಾಮೊಸ್. ನಾಮಪದಕ್ಕೂ ಇದೇ, ಲೆಕ್ಕ ಕ್ವೆಂತಾ, ಆದ್ರೆ ಕರೆಂಟ್ ಮೀಟರ್ 'ಕೊಂತಾದೊರ್', ಲ್ಯಾಟಿನ್ ಅಮೆರಿಕದಲ್ಲಿ ಅಕೌಂಟೆಂಟಿಗೂ ಕೊಂತಾದೊರ್ ಅಂತಾರೆ. ಹಾಗಾಗಿ 'ವೆ' ಇರೋ ಪದ ಡಿಕ್ಷನರಿಯಲ್ಲಿ ಕ್ರಿಯಾಪದವಾಗಿ ಸಿಗದೇ ಇದ್ರೆ 'ಒ' ಹಾಕಿ ಹುಡುಕಿ. ವ್ವೇಲೊ ಅಂದ್ರೆ ವಿಮಾನ ಹಾರಾಟ, ನಾನು ಹಾರ್ತೀನಿ, ಧಾತು ವೊಲಾರ್. ರೆಕ್ವೆರ್ದೊ ಅಂದ್ರೆ ನೆನಪು, ನಾನು ನೆನೀತೀನಿ, ಧಾತು ರೆಕೊರ್ದಾರ್. ಪ್ರ್ವೇಬಾ ಅಂದ್ರೆ ಪರೀಕ್ಷೆ, ಅವಳು ರುಚಿ ನೋಡ್ತಾಳೆ, ಧಾತು ಪ್ರೊಬಾರ್. ಆಟ ಅನ್ನೋ 'ಹ್ವೇಗೊ' ಒಂದರಲ್ಲಿ ಮಾತ್ರ 'ಉ' ಹಾಕಬೇಕು, ಅದರ ಧಾತು 'ಹುಗಾರ್'.

ಒಂದೇ ಎಚ್ಚರಿಕೆ, ಪ್ರತಿ ಧಾತುವಿಗೂ ಹೀಗೆ ನಾಮಪದ ಇರತ್ತೆ ಅಂತ ನೀವೇ ಕಟ್ಟೋಕೆ ಹೋಗಬೇಡಿ. ಸಹಾಯ ಮಾಡೋದಕ್ಕೆ 'ಅಯುದಾರ್', ಸಹಾಯಕ್ಕೆ 'ಲಾ ಅಯೂದಾ' ಇದೆ, 'ಎಲ್ ಅಯೂದೊ' ಅನ್ನೋದು ಇಲ್ಲ. ಕೆಲಸಕ್ಕೆ 'ಎಲ್ ತ್ರಬಾಹೊ' ಇದೆ, 'ಲಾ ತ್ರಬಾಹಾ' ಇಲ್ಲ. ಕುಣಿಯೋದು 'ಬೈಲಾರ್', ಕುಣಿತಕ್ಕೆ ಒ ಅಲ್ಲ ಆ ಅಲ್ಲ, 'ಎಲ್ ಬೈಲೆ'. ಯಾವುದಕ್ಕೆ ಯಾವ ಬಾಲ ಅನ್ನೋದನ್ನ ಮಾತ್ರ ಪ್ರತಿ ಪದಕ್ಕೂ ಡಿಕ್ಷನರಿ ತೆಗೆದು ನೋಡ್ಕೊಳ್ಳಿ.